ಪದವಿ ಪತ್ರದ ಹಿಂದಿನ ಸರ್ಕಾರ: ಕೊಡಗಿನ ಕಾಲೇಜೊಂದರ ಸಂಯೋಜನೆಯ ಚರಿತ್ರೆ ಬರೆಯುವ ಬಗೆ

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು 1949ರಲ್ಲಿ ಸರ್ಕಾರಿ ಕಾಲೇಜಾಗಿ ಆರಂಭವಾಯಿತು. ಅಂದಿನಿಂದ ಅದು ಊರು ಬಿಟ್ಟು ಕದಲಿಲ್ಲ. ಅದರ ಮೇಲಿನ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಬದಲಾಗುತ್ತ ಬಂದವು. ಮೊದಲು ಚೀಫ್ ಕಮಿಷನರ್ ಆಡಳಿತದ ಕೊಡಗು, ಆಮೇಲೆ 'ಸಿ' ದರ್ಜೆಯ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಕಾಲೇಜನ್ನು ತಮ್ಮ ಪರೀಕ್ಷೆ, ಪದವಿಗಳ ವ್ಯಾಪ್ತಿಗೆ ಸೇರಿಸಿಕೊಂಡ (ಇದೇ ಸಂಯೋಜನೆ) ವಿಶ್ವವಿದ್ಯಾಲಯಗಳ ಸಾಲು ಬೇರೆ: ಮದ್ರಾಸ್, ಮೈಸೂರು, 1980ರ ನಂತರ ಮಂಗಳೂರು, 2023ರಿಂದ ಕೊಡಗು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ಗೆರೆಗೆ ಗೆರೆ ಕೂಡುವುದಿಲ್ಲ. ಕೂಡದ ಜಾಗಗಳಲ್ಲೇ ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ಇದ್ದ ಸಂಬಂಧ ಕಣ್ಣಿಗೆ ಬೀಳುತ್ತದೆ.

ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಅಧ್ಯಾಪಕರು, ಪದವಿಯ ಕೊನೆಯ ವರ್ಷದಲ್ಲಿ ಕಿರು ಸಂಶೋಧನೆ ಮಾಡುವ ವಿದ್ಯಾರ್ಥಿಗಳು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ವರದಿಗೆ ಕಾಲೇಜಿನ ಇತಿಹಾಸ ಒದಗಿಸಬೇಕಾದವರು, ಎಲ್ಲರಿಗೂ ಕೆಳಗಿನ ಕ್ರಮ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗಳು ಮಡಿಕೇರಿಯ ಸುತ್ತಲಿನವು. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಯ ಕಾಲೇಜುಗಳಿಗೂ ಕ್ರಮ ಇದೇ.

ನಾಲ್ಕು ಪ್ರಶ್ನೆ

ದಾಖಲೆ ಹುಡುಕುವ ಮೊದಲು ಏನನ್ನು ಹುಡುಕುತ್ತಿದ್ದೀರಿ ಎಂಬುದು ಖಚಿತವಾಗಿರಬೇಕು. ಸರ್ಕಾರ ಮತ್ತು ವಿಶ್ವವಿದ್ಯಾಲಯದ ಸಂಬಂಧ ಎಂಬ ದೊಡ್ಡ ಮಾತನ್ನು ನಾಲ್ಕು ಸಣ್ಣ ಪ್ರಶ್ನೆಗಳಾಗಿ ಒಡೆಯಿರಿ. ಆ ವರ್ಷ ಪರೀಕ್ಷೆ ನಡೆಸಿ ಪದವಿ ಕೊಟ್ಟವರು ಯಾರು? ಅಧ್ಯಾಪಕರ ಸಂಬಳ ಕೊಟ್ಟವರು ಯಾರು? ಪ್ರಾಂಶುಪಾಲರನ್ನೂ ಕುಲಪತಿಯನ್ನೂ (ವೈಸ್ ಚಾನ್ಸಲರ್) ನೇಮಿಸಿದವರು ಯಾರು? ಕಾಲೇಜನ್ನು ಮುಚ್ಚುವ ಅಥವಾ ಬೇರೆಡೆಗೆ ಸೇರಿಸುವ ಅಧಿಕಾರ ಯಾರ ಕೈಯಲ್ಲಿತ್ತು?

ನಾಲ್ಕಕ್ಕೂ ಒಂದೇ ಉತ್ತರ ಬರುವ ವರ್ಷಗಳು ಕಡಿಮೆ. 1949ರಲ್ಲಿ ಕೊಡಗು ಮದ್ರಾಸ್ ಪ್ರಾಂತದ ಭಾಗವಾಗಿರಲಿಲ್ಲ, ಎಂದೂ ಆಗಿರಲಿಲ್ಲ. ಆದರೂ ಮಡಿಕೇರಿಯ ವಿದ್ಯಾರ್ಥಿ ಬರೆದದ್ದು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ. ಸಂಬಳ ಕೊಡಗು ಸರ್ಕಾರದ್ದು, ಪಠ್ಯ ಮದ್ರಾಸಿನದು. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೀಠಿಕೆಗೆ ಎಷ್ಟು ಹಿನ್ನೆಲೆ ಬೇಕು

ಒಂದೂವರೆ ಪುಟ ಸಾಕು. ನಳಂದದಿಂದ ಶುರುಮಾಡಿ ಕಾಲೇಜಿಗೆ ಬರುವಷ್ಟರಲ್ಲಿ ಪುಟ ಮುಗಿದುಹೋದ ಲೇಖನಗಳು ಬೇಕಾದಷ್ಟಿವೆ. ಕನ್ನಡನಾಡಿನ ಹಳೆಯ ವಿದ್ಯಾಕೇಂದ್ರಗಳನ್ನು ಹೇಳಲೇಬೇಕೆಂದರೆ ಸಾಲೋಟಗಿ, ನಾಗಾವಿಯ ಶಾಸನಗಳನ್ನು ಒಂದು ವಾಕ್ಯದಲ್ಲಿ ಹೇಳಿ, ವ್ಯತ್ಯಾಸವನ್ನೂ ಹೇಳಿ: ಅಲ್ಲಿ ಅರಸರು, ಅಧಿಕಾರಿಗಳು ಭೂಮಿ ದತ್ತಿ ಕೊಟ್ಟರು; ಪದವಿಯನ್ನು ಕಾನೂನಿನಿಂದ ಮಾನ್ಯ ಮಾಡುವ ಏರ್ಪಾಡು ಇರಲಿಲ್ಲ. ಅಂಥ ಹಳೆಯ ವಿದ್ಯಾಕೇಂದ್ರವಾದ ಘಟಿಕಾಸ್ಥಾನವನ್ನು ವಿಶ್ವವಿದ್ಯಾಲಯ ಎಂದು ಬರೆದರೆ ಕೇಳಲು ಚೆನ್ನ, ಚರಿತ್ರೆಗೆ ಸರಿಯಲ್ಲ.

ಯುರೋಪಿನ ಕಡೆಯಿಂದ ಎರಡು ಸಂಗತಿ ತೆಗೆದುಕೊಳ್ಳಿ. ಬೊಲೊನ್ಯಾದ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡು ಗುರುಗಳನ್ನು ಗೊತ್ತುಮಾಡಿಕೊಂಡವರು. ಅದಕ್ಕೆ ಎದುರಾಗಿ 1224ರಲ್ಲಿ ನೇಪಲ್ಸ್‌ನಲ್ಲಿ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ತನ್ನ ಆಡಳಿತಕ್ಕೆ ಬೇಕಾದವರನ್ನು ತಯಾರಿಸಲು ತಾನೇ ವಿಶ್ವವಿದ್ಯಾಲಯ ಸ್ಥಾಪಿಸಿದ. ವಿದ್ವಾಂಸರು ಕಟ್ಟಿ ರಾಜ್ಯ ಒಪ್ಪಿದ್ದು ಒಂದು ಬಗೆ, ರಾಜ್ಯವೇ ಕಟ್ಟಿದ್ದು ಇನ್ನೊಂದು ಬಗೆ. ಭಾರತಕ್ಕೆ ಬಂದದ್ದು ಎರಡನೆಯದು.

1854ರ ವುಡ್ ವರದಿಯ ಸಲಹೆಯಂತೆ 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಶಾಸನದ ಮೂಲಕ ಹುಟ್ಟಿದವು. ಮಾದರಿ ಲಂಡನ್ ವಿಶ್ವವಿದ್ಯಾಲಯ: ತಾನು ಪಾಠ ಹೇಳುವುದಿಲ್ಲ, ಕಾಲೇಜುಗಳನ್ನು ಸಂಯೋಜಿಸಿಕೊಂಡು ಪರೀಕ್ಷೆ ನಡೆಸುತ್ತದೆ. ಕೊಡಗಿನ ಚರಿತ್ರೆಗೆ ಇದೇ ಮುಖ್ಯ ಕೀಲಿ. ಪರೀಕ್ಷೆ ನಡೆಸುವ ಸಂಸ್ಥೆಗೆ ತರಗತಿ ಕೋಣೆ ಬೇಕಿಲ್ಲ, ಆದ್ದರಿಂದ ಅದರ ವ್ಯಾಪ್ತಿ ಎಷ್ಟು ದೂರಕ್ಕೂ ಚಾಚಬಹುದು. 1904ರಲ್ಲಿ ವೈಸ್‌ರಾಯ್ ಕರ್ಜನ್ ತಂದ ಕಾಯ್ದೆ ವಿಶ್ವವಿದ್ಯಾಲಯದ ಆಡಳಿತ ಸಭೆಯಾದ ಸೆನೆಟ್ಟಿನಲ್ಲಿ ನಾಮನಿರ್ದೇಶಿತರ ಬಲ ಹೆಚ್ಚಿಸಿತು, ಸಂಯೋಜನೆಗೆ ಸರ್ಕಾರದ ಒಪ್ಪಿಗೆ ಬೇಕೆಂದಿತು, ಪ್ರತಿ ವಿಶ್ವವಿದ್ಯಾಲಯದ ಪ್ರಾದೇಶಿಕ ಎಲ್ಲೆ ಗುರುತಿಸುವ ಅಧಿಕಾರವನ್ನು ಗವರ್ನರ್ ಜನರಲ್‌ಗೆ ಕೊಟ್ಟಿತು. ಕೊಡಗು ಮದ್ರಾಸಿನ ಎಲ್ಲೆಯೊಳಗೆ ಬಂತು.

ಪಕ್ಕದ ಮೈಸೂರು ಬೇರೆ ದಾರಿ ಹಿಡಿಯಿತು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ (ಈಗಿನ ಮಾತಿನಲ್ಲಿ ಕುಲಪತಿ). ಅಲ್ಲಿಯವರೆಗೆ ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದ್ರಾಸಿಗೇ ಸೇರಿದ್ದವು. ಸಂಸ್ಥಾನವೊಂದು ತನ್ನ ಕಾಲೇಜುಗಳನ್ನು ಹೊರಗಿನ ಪರೀಕ್ಷೆಯಿಂದ ಬಿಡಿಸಿಕೊಂಡದ್ದು ಸಣ್ಣ ಕೆಲಸವಲ್ಲ. ಕೊಡಗಿಗೆ ಆ ಅವಕಾಶ ಇರಲಿಲ್ಲ: 1834ರಿಂದ ಬ್ರಿಟಿಷರ ನೇರ ಆಡಳಿತ, 1881ರಿಂದ 1940ರವರೆಗೆ ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರ್, ತನ್ನದೊಂದು ಕಾಲೇಜು ಇಲ್ಲ.

ದಾಖಲೆಗಳು, ಮನೆಯಿಂದ ಶುರು

ಪತ್ರಾಗಾರಕ್ಕೆ ಓಡುವ ಮೊದಲು ಅಂಕಪಟ್ಟಿಗಳನ್ನು ಕೂಡಿಸಿ. ಕಾಲೇಜು ಯಾವ ಸಾಲಿನಿಂದ ಯಾವ ವಿಶ್ವವಿದ್ಯಾಲಯಕ್ಕೆ ಹೋಯಿತು ಎಂಬುದಕ್ಕೆ ಅಂಕಪಟ್ಟಿಗಿಂತ ಗಟ್ಟಿ ಸಾಕ್ಷಿ ಇಲ್ಲ. ಪ್ರತಿ ಸಾಲಿಗೆ ಕನಿಷ್ಠ ಎರಡು, ಬದಲಾವಣೆಯ ವರ್ಷಗಳಿಗೆ (1956–60, 1979–83, 2022–25) ಕನಿಷ್ಠ ಐದೈದು. ಒಂದೇ ವರ್ಷ ಪಾಸಾದ ಇಬ್ಬರ ಪತ್ರಗಳಲ್ಲಿ ಎರಡು ವಿಶ್ವವಿದ್ಯಾಲಯಗಳ ಹೆಸರಿದ್ದರೆ ಗಾಬರಿಯಾಗಬೇಡಿ. ಹಳೆಯ ಪಠ್ಯದಲ್ಲಿ ಸೇರಿದವರಿಗೆ ಹಳೆಯ ವಿಶ್ವವಿದ್ಯಾಲಯವೇ ಕೊನೆಯವರೆಗೆ ಪರೀಕ್ಷೆ ನಡೆಸುವುದು ರೂಢಿ. ಸೇರಿದ ವರ್ಷ ಯಾವುದು, ಮರುಪರೀಕ್ಷೆ ಬರೆದರೇ ಎಂದು ಕೇಳಿ ಬರೆದುಕೊಳ್ಳಿ.

ಕೊಡಗಿನಲ್ಲಿ ಹಳೆಯ ಪ್ರಮಾಣಪತ್ರಗಳು ಐನ್‌ಮನೆಯ (ಕುಲದ ಮೂಲಮನೆಯ) ಗೋಡೆಯ ಚೌಕಟ್ಟಿನಲ್ಲೋ ಪೆಟ್ಟಿಗೆಯಲ್ಲೋ ಇರುತ್ತವೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಹೊತ್ತಿಗೆ ಮನೆಮಂದಿಯೆಲ್ಲ ಸೇರುತ್ತಾರೆ. ಯಾರ ಬಳಿ ಏನಿದೆ ಎಂದು ಕೇಳಿ ಪಟ್ಟಿ ಮಾಡಿಕೊಳ್ಳಲು ಅದು ಒಳ್ಳೆಯ ಸಮಯ. ಫೋಟೋ ತೆಗೆಯುವ ಕೆಲಸವನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಿಂದ ಮೇ ಮಧ್ಯದೊಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಡಿಕೇರಿಯ ಗಾಳಿಯ ತೇವಕ್ಕೆ ಹಳೆಯ ಕಾಗದ ಮೆತ್ತಗಾಗಿ, ಒಂದಕ್ಕೊಂದು ಅಂಟಿದ ಹಾಳೆಗಳು ಬಿಡಿಸುವಾಗ ಹರಿಯುತ್ತವೆ. ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹಿಂಬದಿಯನ್ನೂ ಬಿಡಬೇಡಿ, ಮುದ್ರೆ ಮತ್ತು ಕ್ರಮಸಂಖ್ಯೆ ಅಲ್ಲಿರುವುದುಂಟು. ಹರಿದ ಪತ್ರಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಲು ಹೇಳಬೇಡಿ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದುಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಟ್ ಆದ ಕಾಗದವನ್ನು ಆಮೇಲೆ ಸುರಕ್ಷಿತವಾಗಿ ಬಿಡಿಸಲಾಗದು. ಪ್ರಕಟಿಸುವಾಗ ಹೆಸರು, ನೋಂದಣಿ ಸಂಖ್ಯೆ ಮುಚ್ಚಿ.

ಕಾಲೇಜಿನ ಕಚೇರಿಯಲ್ಲಿ ನೋಡಬೇಕಾದವು: ದಾಖಲಾತಿ ರಿಜಿಸ್ಟರ್, ಸಂಬಳದ ಬಿಲ್ಲುಗಳ ಪ್ರತಿ, ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ಸಂಯೋಜನೆಯ ಕಡತ. ಸಂಯೋಜನೆಯ ಕಡತದಲ್ಲಿ ಸ್ಥಳೀಯ ವಿಚಾರಣಾ ಸಮಿತಿಯ, ಎಲ್ಲರ ಬಾಯಲ್ಲಿ ಎಲ್‌ಐಸಿಯ, ವರದಿ ಇರುತ್ತದೆ. ಅದನ್ನು ಅಕ್ಷರ ಬಿಡದೆ ಓದಿ. ಗ್ರಂಥಾಲಯಕ್ಕೆ ಎಷ್ಟು ಪುಸ್ತಕ ಸೇರಿಸಬೇಕು, ಯಾವ ಹುದ್ದೆ ತುಂಬಬೇಕು ಎಂಬ ಷರತ್ತುಗಳು ಪ್ರತಿ ವರ್ಷ ಹಾಗೆಯೇ ಮರಳಿ ಬರುತ್ತಿದ್ದರೆ, ವಿಶ್ವವಿದ್ಯಾಲಯ ಕೇಳುತ್ತಿತ್ತು, ಹುದ್ದೆ ಮಂಜೂರು ಮಾಡುವ ಅಧಿಕಾರ ಮಾತ್ರ ಸರ್ಕಾರದ್ದಾಗಿತ್ತು ಎಂದರ್ಥ. ನಮ್ಮ ಕಾಲೇಜುಗಳ ಬಹುಪಾಲು ಸಂಕಟ ಆ ಎರಡರ ನಡುವಿನ ಸಂದಿನಲ್ಲೇ ಇದೆ.

ಸರ್ಕಾರಿ ಆದೇಶವನ್ನು ಓದುವುದು

ಆದೇಶಕ್ಕೆ ಮೂರು ಭಾಗ. 'ಓದಲಾಗಿದೆ' ಎಂಬಲ್ಲಿ ಹಿಂದಿನ ಪತ್ರಗಳ ಸಂಖ್ಯೆ ಮತ್ತು ದಿನಾಂಕ, 'ಪ್ರಸ್ತಾವನೆ'ಯಲ್ಲಿ ಕಾರಣ, ಕೊನೆಗೆ ಆದೇಶ. ಸಹಿಯ ಮೇಲೆ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬ ಸಾಲು. ಹೆಚ್ಚಿನವರು ಕೊನೆಯ ಭಾಗ ಓದಿ ಬಿಡುತ್ತಾರೆ. ನಿಮಗೆ ಬೇಕಾದದ್ದು ಮೊದಲನೆಯದು. ವಿಶ್ವವಿದ್ಯಾಲಯದ ಕುಲಸಚಿವರ (ರಿಜಿಸ್ಟ್ರಾರ್) ಪತ್ರ ಮೊದಲು ಹೋಗಿ ಸರ್ಕಾರ ಒಪ್ಪಿತೇ, ಅಥವಾ ಇಲಾಖೆಯೇ ಆರಂಭಿಸಿ ವಿಶ್ವವಿದ್ಯಾಲಯದ ಅಭಿಪ್ರಾಯ ಕೇಳಿತೇ ಎಂಬುದು ಅಲ್ಲಿನ ದಿನಾಂಕಗಳ ಕ್ರಮದಿಂದ ತಿಳಿಯುತ್ತದೆ.

ಇಲ್ಲೊಂದು ತಪ್ಪು ಓದು ಸಾಮಾನ್ಯ. ರಾಜ್ಯಪಾಲರ ಹೆಸರಿನಲ್ಲಿ ಹೊರಟ ಆದೇಶವನ್ನು ಕಂಡು 'ಕುಲಾಧಿಪತಿಗಳು ಆದೇಶಿಸಿದರು' ಎಂದು ಬರೆಯುತ್ತಾರೆ. ಹೆಸರಿನಲ್ಲಿ ಹೊರಡುವ ಆದೇಶ ಸಚಿವ ಸಂಪುಟದ ಸರ್ಕಾರದ್ದು. ಕುಲಾಧಿಪತಿಯಾಗಿ (ವಿಶ್ವವಿದ್ಯಾಲಯದ ಚಾನ್ಸಲರ್ ಆಗಿ) ರಾಜ್ಯಪಾಲರು ಹೊರಡಿಸುವ ಅಧಿಸೂಚನೆ ರಾಜಭವನದ ಕಡತಸಂಖ್ಯೆಯಲ್ಲಿ, ಬೇರೆಯಾಗಿ ಬರುತ್ತದೆ. ಒಬ್ಬರೇ ವ್ಯಕ್ತಿ, ಎರಡು ಅಧಿಕಾರ.

ಹಣದ ಜಾಡಿಗೆ ಲೆಕ್ಕಶೀರ್ಷಿಕೆ ಹಿಡಿಯಿರಿ. 2202 ಸಾಮಾನ್ಯ ಶಿಕ್ಷಣ, ಅದರೊಳಗೆ 03 ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ. ಮುಂದಿನ ಮೂರಂಕಿ 102 ಎಂದಿದ್ದರೆ ವಿಶ್ವವಿದ್ಯಾಲಯಕ್ಕೆ ಕೊಟ್ಟ ನೆರವು, 103 ಎಂದಿದ್ದರೆ ಸರ್ಕಾರಿ ಕಾಲೇಜು, 104 ಎಂದಿದ್ದರೆ ಖಾಸಗಿ ಕಾಲೇಜಿಗೆ ಅನುದಾನ. ಘಟಕ ಕಾಲೇಜು (ವಿಶ್ವವಿದ್ಯಾಲಯವೇ ನಡೆಸುವುದು), ಸರ್ಕಾರಿ ಕಾಲೇಜು, ಅನುದಾನಿತ ಕಾಲೇಜು ಎಂಬ ಮೂರು ಪದಗಳ ವ್ಯತ್ಯಾಸ ಈ ಮೂರು ಅಂಕೆಯಲ್ಲಿ ನಿಚ್ಚಳವಾಗುತ್ತದೆ. ನಾಲ್ಕಂಕಿಯ ಶೀರ್ಷಿಕೆ ಬಂದದ್ದು 1987ರಲ್ಲಿ. ಅದಕ್ಕೆ ಹಿಂದಿನ ಬಿಲ್ಲುಗಳಲ್ಲಿ ಮೂರಂಕಿಯದು ಸಿಗುತ್ತದೆ. ಆಯವ್ಯಯ ವರ್ಷ ಏಪ್ರಿಲ್‌ನಿಂದ, ಶೈಕ್ಷಣಿಕ ಸಾಲು ಜೂನ್ ಆಸುಪಾಸಿನಿಂದ. 1981–82ರ ಹಣವನ್ನು 1981–82ರ ವಿದ್ಯಾರ್ಥಿಗಳಿಗೆ ನೇರವಾಗಿ ಹೊಂದಿಸಿದರೆ ಲೆಕ್ಕ ಎರಡು ತಿಂಗಳು ತಪ್ಪುತ್ತದೆ.

ಕಾನೂನಿನ ಪದರ

ಪ್ರತಿ ಅವಧಿಗೆ ಆಗ ಜಾರಿಯಲ್ಲಿದ್ದ ಕಾಯ್ದೆ ಯಾವುದೆಂದು ಬರೆಯಿರಿ. 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ರಾಜ್ಯದ ವಿಶ್ವವಿದ್ಯಾಲಯಗಳನ್ನು ಒಂದೇ ಚೌಕಟ್ಟಿಗೆ ತಂದಿತು. 1980ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು ಆ ಚೌಕಟ್ಟಿನಲ್ಲಿ. ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಮಂಗಳಗಂಗೋತ್ರಿ ಅದರ ಮನೆಯಾಯಿತು, ಕೊಡಗು ಅದರ ವ್ಯಾಪ್ತಿಗೆ ಬಂತು. 2000ದ ಕಾಯ್ದೆ ಹಳೆಯದರ ಜಾಗಕ್ಕೆ ಬಂದಿತು. ಅದರಲ್ಲಿ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕುಲಪತಿಯ ನೇಮಕದ 14ನೇ ಪ್ರಕರಣವನ್ನು ಗಮನವಿಟ್ಟು ಓದಿ: ಶೋಧನಾ ಸಮಿತಿಯ ಪಟ್ಟಿಯಿಂದ ಕುಲಾಧಿಪತಿಗಳು ಆರಿಸುತ್ತಾರೆ, ಆದರೆ ರಾಜ್ಯ ಸರ್ಕಾರದ ಸಹಮತಿಯೊಡನೆ. ಸಹಮತಿ ಎಂಬ ಆ ಒಂದು ಪದದಲ್ಲಿ ರಾಜಭವನ ಮತ್ತು ವಿಧಾನಸೌಧದ ನಡುವಿನ ಎಷ್ಟೋ ಜಗ್ಗಾಟ ಅಡಗಿದೆ.

ಕಾಯ್ದೆಯ ಕೊನೆಯ ಪುಟಗಳನ್ನು ಬಿಡಬೇಡಿ. 'ನಿರಸನ ಮತ್ತು ಉಳಿಸುವಿಕೆ' ಎಂಬ ಪ್ರಕರಣ, ಸಂಕ್ರಮಣ ಕಾಲದ ಉಪಬಂಧಗಳು ಅಲ್ಲಿವೆ. ನೌಕರರು, ಆಸ್ತಿ, ಓದುತ್ತಿರುವ ವಿದ್ಯಾರ್ಥಿಗಳು ಯಾರಿಗೆ ಸೇರುತ್ತಾರೆ ಎಂದು ಹೇಳುವುದು ಅವೇ. ಸಂವಿಧಾನದ ಕಡೆಯಿಂದ ಎರಡು ಸಾಲು ಸಾಕು: ವಿಶ್ವವಿದ್ಯಾಲಯ ಸ್ಥಾಪನೆ ರಾಜ್ಯಪಟ್ಟಿಯ 32ನೇ ನಮೂದು, ಗುಣಮಟ್ಟದ ನಿರ್ಧಾರ ಕೇಂದ್ರಪಟ್ಟಿಯ 66ನೇ ನಮೂದು, ಶಿಕ್ಷಣ 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯ 25ನೇ ನಮೂದು. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಾಯ್ದೆ ನಿಂತಿರುವುದು ಆ 66ರ ಮೇಲೆ.

ಜಿಲ್ಲೆಯೊಳಗೇ ಕವಲುಗಳಿವೆ ಎಂಬುದನ್ನೂ ಮರೆಯಬಾರದು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿತು. ಮಡಿಕೇರಿಯ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ವಿಷಯಕ್ಕೊಂದು ವಿಶ್ವವಿದ್ಯಾಲಯ ಎಂದು ಸರ್ಕಾರ ಹಂಚಿದ ಫಲ ಇದು. ಇವಕ್ಕೆ ಬಜೆಟ್ ಶೀರ್ಷಿಕೆಯೂ ಇಲಾಖೆಯೂ ಬೇರೆ, ಹಾಗಾಗಿ ಕಡತ ಹುಡುಕುವ ಬಾಗಿಲೂ ಬೇರೆ.

ಹೊರಗಿನ ದಾಖಲೆ ಮತ್ತು ಮಾಹಿತಿ ಹಕ್ಕು

ಪತ್ರಾಗಾರಗಳ ಹಳೆಯ ಸೂಚಿಗಳಲ್ಲಿ ಊರಿನ ಈಗಿನ ಹೆಸರು ಹಾಕಿದರೆ ಏನೂ ಸಿಗದು. ಇಂಗ್ಲಿಷ್ ಕಾಗುಣಿತದಲ್ಲಿ ಕೂರ್ಗ್, ಮರ್ಕರ, ವಿರಾಜೇಂದ್ರಪೇಟ್, ಕುಶಾಲನಗರಕ್ಕೆ ಫ್ರೇಸರ್‌ಪೇಟ್ ಎಂದು ಹುಡುಕಿ. ಕೊಡಗಿನ ವಾರ್ಷಿಕ ಆಡಳಿತ ವರದಿಗಳಲ್ಲಿ ಶಿಕ್ಷಣದ ಭಾಗ ಇರುತ್ತದೆ. ಮದ್ರಾಸ್ ವಿಶ್ವವಿದ್ಯಾಲಯ ಪ್ರತಿ ವರ್ಷ ಮುದ್ರಿಸುತ್ತಿದ್ದ ಕ್ಯಾಲೆಂಡರ್‌ನಲ್ಲಿ ಸಂಯೋಜಿತ ಕಾಲೇಜುಗಳ ಪಟ್ಟಿಯೂ ಪಾಸಾದವರ ಹೆಸರೂ ಸಿಗುತ್ತವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ನೋಡಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಗುರುತಿನ ಚೀಟಿ ಮತ್ತು ಕಾಲೇಜಿನ ಪತ್ರ ಒಯ್ಯಿರಿ. 1957ರಿಂದ ಈಚೆಗೆ ಮಡಿಕೇರಿಯ 'ಶಕ್ತಿ' ಪತ್ರಿಕೆಯ ಹಳೆಯ ಸಂಚಿಕೆಗಳು ದೊಡ್ಡ ಆಸ್ತಿ. ವಿದ್ಯಾರ್ಥಿಗಳ ಮುಷ್ಕರ, ಮನವಿ, ಹೊಸ ಕೋರ್ಸಿನ ಬೇಡಿಕೆ ಸರ್ಕಾರಿ ಕಡತದಲ್ಲಿ ಅರ್ಧ ಸಾಲಾಗಿರುತ್ತದೆ, ಪತ್ರಿಕೆಯಲ್ಲಿ ಪೂರ್ತಿ ಇರುತ್ತದೆ.

ಸಿಗದ ಆದೇಶಕ್ಕೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೆ ತೊಂದರೆ ಕಡಿಮೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಕಾಲೇಜಿನ ಇತಿಹಾಸದ ಎಲ್ಲ ದಾಖಲೆ ಕೊಡಿ' ಎಂದರೆ ನಿರಾಕರಣೆ ಖಚಿತ. 'ಈ ಕಾಲೇಜನ್ನು ಘಟಕ ಕಾಲೇಜೆಂದು ಘೋಷಿಸಿದ ಆದೇಶದ ಮತ್ತು ಅದರ "ಓದಲಾಗಿದೆ" ಭಾಗದಲ್ಲಿ ಉಲ್ಲೇಖಿಸಿದ ಪತ್ರಗಳ ದೃಢೀಕೃತ ಪ್ರತಿ' ಎಂದು ಕೇಳಿ. ಕಡತ ದೊಡ್ಡದಾದರೆ ಪ್ರತಿಯ ಬದಲು ಪರಿಶೀಲನೆಗೆ ಅವಕಾಶ ಕೇಳಿ, ಬೇಕಾದ ಪುಟಗಳನ್ನು ಗುರುತುಮಾಡಿ ಬನ್ನಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕಡತ ಬೇರೆ ಕಚೇರಿಯಲ್ಲಿದೆ ಎಂದರೆ 6(3)ನೇ ಪ್ರಕರಣದಂತೆ 5 ದಿನದಲ್ಲಿ ಅಲ್ಲಿಗೆ ಕಳಿಸುವ ಹೊಣೆ ಅವರದೇ. ಹೊಸ ಅರ್ಜಿ ಬೇಕಿಲ್ಲ. ವಿಶ್ವವಿದ್ಯಾಲಯ ಬದಲಾದ ವರ್ಷಗಳ ಕಡತಗಳಿಗೆ ಈ ಮಾತು ತುಂಬ ಬೇಕಾಗುತ್ತದೆ, ಏಕೆಂದರೆ ಹಳೆಯವರು ಕಳಿಸಿದೆವು ಎನ್ನುತ್ತಾರೆ, ಹೊಸಬರು ಬಂದಿಲ್ಲ ಎನ್ನುತ್ತಾರೆ.

ಎಡವುವ ಜಾಗಗಳು

ಪದಗಳು ಮೊದಲನೆಯದು. ಹಳೆಯ ಕನ್ನಡ ಬರಹಗಳಲ್ಲಿ ಕುಲಪತಿ ಎಂದರೆ ಚಾನ್ಸಲರ್, ಉಪಕುಲಪತಿ ಎಂದರೆ ವೈಸ್ ಚಾನ್ಸಲರ್. ಈಗ ಚಾನ್ಸಲರ್ ಕುಲಾಧಿಪತಿ, ವೈಸ್ ಚಾನ್ಸಲರ್ ಕುಲಪತಿ. ಹಳೆಯ ಸ್ಮರಣ ಸಂಚಿಕೆಯಲ್ಲಿ 'ಕುಲಪತಿಗಳು ಉದ್ಘಾಟಿಸಿದರು' ಎಂದಿದ್ದರೆ ಬಂದವರು ರಾಜ್ಯಪಾಲರೋ ಪ್ರಾಧ್ಯಾಪಕರೋ ಎಂದು ಹೆಸರು ನೋಡಿಯೇ ತೀರ್ಮಾನಿಸಿ.

ಎರಡನೆಯದು ಇಂಟರ್‌ಮೀಡಿಯೆಟ್, ಪದವಿಗೆ ಮೊದಲಿನ ಎರಡು ವರ್ಷದ ಓದು. ಆ ಕಾಲದಲ್ಲಿ ಅದು ವಿಶ್ವವಿದ್ಯಾಲಯದ ಪರೀಕ್ಷೆ. ಈಗಿನ ಪಿಯುಸಿ ಮಂಡಳಿಯ ಕಣ್ಣಿನಿಂದ ನೋಡಿ 'ಆಗ ಪದವಿ ತರಗತಿ ಇರಲಿಲ್ಲ, ಆದ್ದರಿಂದ ವಿಶ್ವವಿದ್ಯಾಲಯದ ಸಂಬಂಧ ಇರಲಿಲ್ಲ' ಎಂದು ಬರೆದರೆ ಇಡೀ ಆರಂಭದ ಅಧ್ಯಾಯವೇ ಅಳಿಸಿಹೋಗುತ್ತದೆ.

ಕಾಲೇಜು ಆರಂಭವಾದ ವರ್ಷ, ತಾತ್ಕಾಲಿಕ ಸಂಯೋಜನೆ ಸಿಕ್ಕ ವರ್ಷ, ಕಾಯಂ ಸಂಯೋಜನೆಯ ವರ್ಷ, ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಪ್ರಕರಣಗಳಡಿ ಮಾನ್ಯತೆ ಸಿಕ್ಕ ವರ್ಷ, ಇವು ಬೇರೆ ಬೇರೆ. ಆದೇಶದ ದಿನಾಂಕ ಮತ್ತು ಅದು ಜಾರಿಗೆ ಬಂದ ದಿನಾಂಕವೂ ಬೇರೆ. ಹಿಂದಿನ ಸಾಲಿನಿಂದ ಅನ್ವಯವಾಗುವಂತೆ ಹೊರಟ ಆದೇಶಗಳು ಸಾಕಷ್ಟಿವೆ. ಹಿರಿಯರ ನೆನಪನ್ನು ಗೌರವದಿಂದ ದಾಖಲಿಸಿ, ಆದರೆ ವರ್ಷಕ್ಕೆ ಅದೊಂದನ್ನೇ ನಂಬಬೇಡಿ.

ಜೋಡಿಸಿ ಬರೆಯುವುದು

ಒಂದು ದೊಡ್ಡ ಹಾಳೆಯಲ್ಲಿ ಅಥವಾ ಎಕ್ಸೆಲ್‌ನಲ್ಲಿ ಶೈಕ್ಷಣಿಕ ಸಾಲಿಗೊಂದು ಅಡ್ಡಸಾಲು ಹಾಕಿ. 1949–50ರಿಂದ 2024–25ರವರೆಗೆ 76 ಸಾಲು. ನಾಲ್ಕು ಪ್ರಶ್ನೆಗೆ ನಾಲ್ಕು ಕಂಬ, ಐದನೆಯದು ದಾಖಲೆಯ ಗುರುತು. ಗುರುತಿಲ್ಲದ ಕೋಣೆಯನ್ನು ಖಾಲಿ ಬಿಡಿ. ಪಕ್ಕದ ವರ್ಷದಿಂದ ಎಳೆದು ತುಂಬಬೇಡಿ. ಖಾಲಿ ಕೋಣೆಗಳು ಎಲ್ಲಿ ಗುಂಪಾಗಿವೆಯೋ ಅಲ್ಲಿಗೆ ಮುಂದಿನ ಅರ್ಜಿ.

ಬರೆಯುವಾಗ ಕರ್ತೃವನ್ನು ಬಿಡಬೇಡಿ. 'ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು' ಎಂಬ ವಾಕ್ಯದಲ್ಲಿ ಯಾರೂ ಏನೂ ಮಾಡಿಲ್ಲ, ಕಾಲೇಜೇ ನಡೆದು ಹೋದಂತಿದೆ. 'ರಾಜ್ಯ ಸರ್ಕಾರ ಹೊಸ ವಿಶ್ವವಿದ್ಯಾಲಯ ಸ್ಥಾಪಿಸಿ ಕೊಡಗನ್ನು ಅದರ ವ್ಯಾಪ್ತಿಗೆ ಹಾಕಿತು' ಎಂದರೆ ಯಾರ ತೀರ್ಮಾನ ಎಂಬುದು ತಿಳಿಯುತ್ತದೆ.

ಕೊನೆಯ ಸಾಲುಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ 2023ರ ಮಾರ್ಚ್‌ನಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬುದು ಸಂಪುಟ ಉಪಸಮಿತಿಯ ಮುಂದೆ ಚರ್ಚೆಗೆ ಬಂತು. ಆ ತಿಂಗಳುಗಳ ಮನವಿಪತ್ರಗಳು, ಪತ್ರಿಕಾ ತುಣುಕುಗಳು, ಸುತ್ತೋಲೆಗಳು ಈಗ ಇನ್ನೂ ಕೈಗೆ ಸಿಗುತ್ತವೆ. 1956ರಲ್ಲಿ ಇಂಥವನ್ನು ಯಾರೂ ಕೂಡಿಟ್ಟಿರಲಿಲ್ಲವೆಂದೇ ನೀವು ಇಷ್ಟು ಅಲೆಯಬೇಕಾಯಿತು. ಈ ಬಾರಿ ಒಂದು ಪೆಟ್ಟಿಗೆಯಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮೇಲೆ ವರ್ಷ ಬರೆದು ಕಾಲೇಜಿನ ಗ್ರಂಥಪಾಲಕರಿಗೆ ಒಪ್ಪಿಸಿ ರಸೀದಿ ಪಡೆಯಿರಿ.